ಕಂಡಕ್ಟರಮ್ಮ ತುಂಬಿಸಿದ ಬಾಟಲಿ

ಇಪ್ಪತ್ತೆಂಟು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದ ಹೆಂಗಸಿನ ಕೈಗೆ ಮಕ್ಕಳ ಕೂಟವೊಂದರ ಲೆಕ್ಕದ ಪುಸ್ತಕ ಕೊಟ್ಟರೆ ಏನಾಗುತ್ತದೆ? ಲೆಕ್ಕ ಚೊಕ್ಕವಾಗಿರುತ್ತದೆ ಅನ್ನುತ್ತೀರಿ. ಎಲ್ಲರೂ ಹಾಗೇ ಅಂದುಕೊಂಡಿದ್ದರು. ಆ ಚೊಕ್ಕ ಲೆಕ್ಕವೇ ಕೂಟದ ಕತ್ತು ಹಿಸುಕಿತು ಎಂದರೆ ನಂಬುವುದು ಕಷ್ಟ, ಆದರೆ ಆದದ್ದು ಹಾಗೆಯೇ.

ಐಸ್ ಫ್ಯಾಕ್ಟರಿಯ ಹಿಂಬದಿ ಗೋಡೆಗೆ ಒತ್ತಿಕೊಂಡು ಒಂದು ಉದ್ದನೆಯ ತಗಡಿನ ಶೆಡ್ಡು. ಒಳಗೆ ಒಂದು ಪಿಂಗ್‌ಪಾಂಗ್ ಟೇಬಲ್ಲು, ಎರಡು ಕೇರಂ ಬೋರ್ಡು, ನಾಲ್ಕು ಡ್ರಮ್ಮು, ಗೋಡೆಯುದ್ದಕ್ಕೂ ಬೆಂಚು. ಶನಿವಾರ, ಭಾನುವಾರ ಅಲ್ಲಿಗೆ ಮೂವತ್ತೆಂಟು ಮಕ್ಕಳು ಬರುತ್ತಿದ್ದರು. ಹನ್ನೆರಡರಿಂದ ಹದಿನೆಂಟರ ವಯಸ್ಸು. ಮನೆಯಲ್ಲಿ ಪುಸ್ತಕ ಬಿಚ್ಚಿದರೆ ಯಾರದಾದರೂ ಕಾಲಿನ ಮೇಲೆ ಬಿಚ್ಚಬೇಕು, ಅಷ್ಟು ಇಕ್ಕಟ್ಟಿನ ಮನೆಗಳವರು. ನಡೆಸುವವರಲ್ಲಿ ಸಂಬಳ ತೆಗೆದುಕೊಳ್ಳುವವರು ಒಬ್ಬರೂ ಇಲ್ಲ. ರಿಟೈರಾದ ಡ್ರಾಯಿಂಗ್ ಮೇಷ್ಟ್ರು ಅಧ್ಯಕ್ಷರು, ರಿಟೈರಾದ ಕಂಡಕ್ಟರಮ್ಮ ಖಜಾಂಚಿ. ಕೆಲಸ ಬಿಟ್ಟರೂ ಕೊರಳಿನ ಸೀಟಿ ಬಿಟ್ಟಿರಲಿಲ್ಲ ಅವಳು. ಅದನ್ನೊಮ್ಮೆ ಊದಿದರೆ ಸಾಕು, ಜಗಳ ಆಡುತ್ತಿದ್ದವರು ಎತ್ತಿದ ಕೈಯನ್ನು ಹಾಗೇ ಇಳಿಸುತ್ತಿದ್ದರು.

ಒಂಬತ್ತು ವರ್ಷದ ಹಿಂದೆ, ಡ್ರಮ್ಮು ಕೊಳ್ಳಲೆಂದು ಮಕ್ಕಳು ಮೊದಲ ಸಲ ರಸ್ತೆಬದಿಯಲ್ಲಿ ಕಾರು ತೊಳೆದರು. ಮೇಷ್ಟ್ರಿಗೆ ಬಣ್ಣ ಕಂಡರೆ ಕೈ ಸುಮ್ಮನಿರುವುದಿಲ್ಲವಲ್ಲ, ಶೆಡ್ಡಿನ ಗೋಡೆಯ ಮೇಲೆ ಆಳೆತ್ತರದ ಒಂದು ಬಾಟಲಿ ಬರೆದರು. ಕುತ್ತಿಗೆಯ ಹತ್ತಿರ ಗೆರೆ ಎಳೆದು ‘ಐದು ಸಾವಿರ’ ಎಂದು ಗುರುತು ಹಾಕಿದರು. ಬಂದಷ್ಟು ಹಣಕ್ಕೆ ಅಷ್ಟು ನೀಲಿ ಬಣ್ಣ. ಸಂಜೆ ಮಕ್ಕಳು ಒದ್ದೆ ಚಡ್ಡಿಯಲ್ಲಿ, ನೀರಿನಲ್ಲಿ ನೆಂದು ಬಿಳುಚಿದ ಕಾಲುಗಳಲ್ಲಿ, ಬಾಟಲಿಯ ಮುಂದೆ ಸಾಲಾಗಿ ಕೂತರು. ಕಂಡಕ್ಟರಮ್ಮ ಮೂಲೆಯ ಮೇಜಿನ ಮೇಲೆ ಹಣದ ಡಬ್ಬಿ ಬಗ್ಗಿಸಿ ಎಣಿಸಿದಳು. ಮೂರು ಸಾವಿರದ ಇನ್ನೂರು.

ಅಲ್ಲಿ ಅವಳ ಕೈ ತಪ್ಪಿತು. ತಪ್ಪಿತು ಅನ್ನುವುದಕ್ಕಿಂತ, ರೂಢಿಯಂತೆ ನಡೆಯಿತು ಅನ್ನಬೇಕು. ಡ್ಯೂಟಿ ಮುಗಿಸಿ ಡಿಪೋದ ಕ್ಯಾಷ್ ಕೌಂಟರಿನಲ್ಲಿ ಬ್ಯಾಗು ಬಗ್ಗಿಸುವಾಗ ಹರಿದ ಟಿಕೆಟ್ಟಿಗೂ ಇರುವ ಹಣಕ್ಕೂ ತಾಳೆಯಾಗಲೇಬೇಕು. ಕಡಿಮೆ ಬಿತ್ತೋ, ಯಾರೂ ನಿನ್ನ ಕಥೆ ಕೇಳುವುದಿಲ್ಲ: ಸ್ವಂತ ಪರ್ಸಿನಿಂದ ತೆಗೆದು ಹಾಕು, ಸಹಿ ಮಾಡು, ಮನೆಗೆ ನಡಿ. ಇಪ್ಪತ್ತೆಂಟು ವರ್ಷ ಇದನ್ನೇ ಮಾಡಿದ ಕೈ ಅವತ್ತೂ ಸದ್ದಿಲ್ಲದೆ ಪರ್ಸಿಗೆ ಹೋಯಿತು. ಸಾವಿರದ ಎಂಟುನೂರು ತೆಗೆದು ಡಬ್ಬಿಗೆ ಸೇರಿಸಿತು. ‘ಕಾರು ತೊಳೆದ ಬಾಬ್ತು: ಐದು ಸಾವಿರ’ ಎಂದು ಪುಸ್ತಕದಲ್ಲಿ ಬರೆಯಿತು. ಮೇಷ್ಟ್ರು ಕುತ್ತಿಗೆಯವರೆಗೆ ನೀಲಿ ಬಳಿದರು. ಆ ಮಕ್ಕಳು ಕಿರುಚಿದ ಕಿರುಚಾಟ ಇದೆಯಲ್ಲ, ಅದನ್ನು ಕೇಳಿ ಐಸ್ ಫ್ಯಾಕ್ಟರಿಯ ಆಳುಗಳು ಏನೋ ಅನಾಹುತವಾಯಿತೆಂದು ಓಡಿ ಬಂದರು. ಕಂಡಕ್ಟರಮ್ಮ ಮೂಗು ಒರೆಸಿಕೊಳ್ಳುವ ನೆಪದಲ್ಲಿ ಕಣ್ಣು ಒರೆಸಿಕೊಂಡಳು.

ಒಂದೇ ಸಲಕ್ಕೆ ನಿಂತಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಆದರೆ ಮೇಷ್ಟ್ರು ಸುಮ್ಮನಿರಬೇಕಲ್ಲ! “ಹೋದ್ ವರ್ಷ ಐದು ತುಂಬ್ತು, ಈ ವರ್ಷ ಏಳು ಇಡೋಣ” ಎಂದರು. ಏಳೂ ತುಂಬಿತು. ಮುಂದಿನ ವರ್ಷ ಹತ್ತು. ಬಾಟಲಿ ಪ್ರತಿ ವರ್ಷ ಸುಣ್ಣ ಹೊಡೆಸಿಕೊಂಡು ಖಾಲಿಯಾಗುತ್ತಿತ್ತು, ಪ್ರತಿ ವರ್ಷ ಕುತ್ತಿಗೆಯವರೆಗೆ ತುಂಬುತ್ತಿತ್ತು. ಹೋದ ವರ್ಷ ಗೆರೆ ಹದಿನೆಂಟು ಸಾವಿರಕ್ಕೆ ಬಂದಿತ್ತು. ಮಕ್ಕಳು ದುಡಿದದ್ದು ಐದು ಸಾವಿರದ ನೂರು. ಉಳಿದದ್ದು ಯಾವ ನಲ್ಲಿಯಿಂದ ಬಂತೆಂದು ಬಲ್ಲವಳು ಒಬ್ಬಳೇ. ರದ್ದಿ ಪೇಪರ್ ಮಾರಾಟಕ್ಕೂ ಇದೇ ಕಥೆ, ನಾಟಕದ ಟಿಕೆಟ್ಟಿಗೂ ಇದೇ ಕಥೆ. ಪಿಂಚಣಿ ಸಾಲದೆ ಹೋದಾಗ ನಿವೃತ್ತಿಯ ಠೇವಣಿ ಮುರಿಸಿದ್ದಳು. ಹಾಗಂತ ಲೆಕ್ಕ ಇಡದವಳಲ್ಲ. ತಾನು ಹಾಕಿದ ಒಂದೊಂದು ಕಾಸನ್ನೂ ತಾರೀಖು ಸಮೇತ ಒಂದು ಚಿಕ್ಕ ಕೆಂಪು ಡೈರಿಯಲ್ಲಿ ಬರೆದಿಟ್ಟಿದ್ದಳು. ಅದರ ಕೊನೆಯ ಪುಟದ ಮೊತ್ತ ಮೂರು ಲಕ್ಷದ ನಲವತ್ತು ಸಾವಿರ.

ಹೀಗಿರುವಾಗ ಐಸ್ ಫ್ಯಾಕ್ಟರಿಯ ಮುದುಕ ಯಜಮಾನ ತೀರಿಕೊಂಡ. ಅವನ ಮಗ ಬಂದು ಶೆಡ್ಡನ್ನು ಅಡಿಯಿಂದ ಮುಡಿಯವರೆಗೆ ಕಣ್ಣಲ್ಲೇ ಅಳೆದ. ಒಂದು ಪಾರ್ಸೆಲ್ ಕಂಪನಿಯವರು ಕೇಳುತ್ತಿದ್ದಾರಂತೆ. “ನಮ್ಮಪ್ಪ ನಿಮಗೆ ಬಿಟ್ಟಿ ಕೊಟ್ಟಿದ್ರು. ನಾನು ಬಿಡಿಸ್ತೀನಿ ಅಂತಿಲ್ಲ. ಮುಂದಿನ ತಿಂಗಳ ಕೊನೇ ಒಳಗೆ ಒಂದು ಲಕ್ಷದ ಇಪ್ಪತ್ತು ಸಾವಿರ ಅಡ್ವಾನ್ಸ್ ಕೊಡಿ, ಇಲ್ಲಾಂದ್ರೆ ಬೀಗದ ಕೈ ಕೊಡಿ” ಎಂದ. ಕೂಟದ ಬ್ಯಾಂಕ್ ಖಾತೆಯಲ್ಲಿದ್ದದ್ದು ನಲವತ್ತೊಂದು ಸಾವಿರ. ಬೇರೆ ಜಾಗಕ್ಕೆ ಮೇಷ್ಟ್ರು ಊರೆಲ್ಲ ಸುತ್ತಿದರು. ಮೂವತ್ತೆಂಟು ಮಕ್ಕಳು, ನಾಲ್ಕು ಡ್ರಮ್ಮು ಎಂದ ಕೂಡಲೇ ಬಾಗಿಲುಗಳು ತಾವಾಗಿ ಮುಚ್ಚಿಕೊಂಡವು.

ಆಗ ಕಣ್ಣಿಗೆ ಬಿದ್ದದ್ದು ಒಂದು ಟ್ರಸ್ಟು. ಇಂಥ ಕೂಟಗಳಿಗೆ ಮೂರು ವರ್ಷ ಬಾಡಿಗೆ, ಅಡ್ವಾನ್ಸು ಎಲ್ಲ ಕೊಡುತ್ತದೆ. ಅರ್ಜಿ ಹಾಕಿದ್ದಾಯಿತು, ಅಲ್ಲಿಂದ ಒಬ್ಬ ಆಫೀಸರ್ ಬಂದದ್ದೂ ಆಯಿತು. ಚಿಕ್ಕ ವಯಸ್ಸಿನವನು, ಒಳ್ಳೆಯವನು. ಬೆಂಚಿನ ಮೇಲೆ ಕೂತು ಒಂಬತ್ತು ವರ್ಷದ ಪುಸ್ತಕವನ್ನು ಪುಟಪುಟವಾಗಿ ನೋಡಿದ.

“ಒಂದೇ ದಿನಕ್ಕೆ ಹದಿನೆಂಟು ಸಾವಿರ! ಬರೀ ಕಾರು ತೊಳೆದು?” ಎಂದು ಕಣ್ಣರಳಿಸಿದ.

“ನಮ್ಮ ಮಕ್ಕಳು ಅಂದ್ರೆ ಏನು ಅಂದ್ಕೊಂಡ್ರಿ?” ಎಂದರು ಮೇಷ್ಟ್ರು, ಎದೆಯುಬ್ಬಿಸಿ.

ಆಫೀಸರ್ ಇನ್ನೊಂದು ಪ್ರಶ್ನೆ ಕೇಳಿದ್ದರೆ ಕಂಡಕ್ಟರಮ್ಮ ಹೇಳಿಬಿಡುತ್ತಿದ್ದಳೋ ಏನೋ. ಅವನು ಕೇಳಲಿಲ್ಲ. ಕೈಮುಗಿದು ಹೋದ.

ಟ್ರಸ್ಟಿನ ಪತ್ರ ಬಂದದ್ದು ಒಂದು ಶನಿವಾರ. ಮೇಷ್ಟ್ರು ಎಲ್ಲರನ್ನೂ ಕೂರಿಸಿ ಗಟ್ಟಿಯಾಗಿ ಓದಿದರು. ನಿಮ್ಮ ಕೂಟದ ಮಕ್ಕಳು ಸ್ವಂತ ದುಡಿಮೆಯಿಂದ ಹಣ ಕೂಡಿಸುತ್ತಿರುವ ರೀತಿ ಎಲ್ಲರಿಗೂ ಮಾದರಿ. ನಮ್ಮ ನೆರವು ತಮ್ಮ ಕಾಲ ಮೇಲೆ ನಿಲ್ಲಲಾಗದ ಕೂಟಗಳಿಗೆ ಮಾತ್ರ ಮೀಸಲು. ಆದ್ದರಿಂದ ವಿಷಾದಿಸುತ್ತೇವೆ. ಆಕ್ಷೇಪವಿದ್ದರೆ ಏಳು ದಿನದೊಳಗೆ ತಿಳಿಸಿ.

ಮೇಷ್ಟ್ರ ದನಿ ಕೊನೆಗೆ ಬರುವ ಹೊತ್ತಿಗೆ ಕುಸಿದಿತ್ತು. ಮಕ್ಕಳು ಮಾತ್ರ ಚಪ್ಪಾಳೆ ಹೊಡೆದರು! ನಿಮಗೆ ಕೊಡುವುದಿಲ್ಲ ಎಂದು ಬರೆದ ಪತ್ರಕ್ಕೆ ಚಪ್ಪಾಳೆ. ಯಾರಾದರೂ ಅವರನ್ನು ಮಾದರಿ ಎಂದು ಕರೆದದ್ದು ಅದೇ ಮೊದಲು.

“ಸುಮ್ನಿರ್ರೋ!” ಎಂದು ಎದ್ದು ನಿಂತವಳು ಸೈರನ್. ಇಸ್ತ್ರಿ ಅಂಗಡಿಯವನ ಮಗಳು, ಹದಿನೇಳರ ಹುಡುಗಿ. ದನಿಗೆ ತಕ್ಕ ಅಡ್ಡಹೆಸರು. ಎಂಟನೇ ವಯಸ್ಸಿಗೇ ಹನ್ನೆರಡು ಎಂದು ಸುಳ್ಳು ಹೇಳಿ ಕೂಟಕ್ಕೆ ಸೇರಿದ್ದಳು. ಮೊದಲ ಬಾಟಲಿ ತುಂಬಿದಾಗ ಎಲ್ಲರಿಗಿಂತ ಜೋರಾಗಿ ಕಿರುಚಿದ್ದು ಅವಳೇ. ಈಗ ಮಕ್ಕಳ ನಾಯಕಿ. ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿನ ಮೇಲೆ ಬರೆಯತೊಡಗಿದಳು.

“ನೋಡಿ. ಬ್ಯಾಂಕಲ್ಲಿ ನಲವತ್ತೊಂದು. ನಾಳೆ ಬಿಟ್ಟು ಇನ್ನು ನಾಲ್ಕು ಭಾನುವಾರ ಇದೆ. ಒಂದೊಂದು ಭಾನುವಾರ ಹದಿನೆಂಟು ಅಂದ್ರೆ ಎಪ್ಪತ್ತೆರಡು. ರದ್ದಿ ಪೇಪರಿಂದ ಏಳು. ಆಯ್ತಲ್ಲ, ಒಂದು ಲಕ್ಷದ ಇಪ್ಪತ್ತು! ಅವರ ಮುಂದೆ ಯಾಕ್ರೀ ಕೈಚಾಚ್ಬೇಕು?”

“ಏಳು ದಿನ ಟೈಮ್ ಇದೆ, ಇನ್ನೊಂದ್ಸಲ ಬರೆದು ನೋಡೋಣಮ್ಮ” ಎಂದರು ಮೇಷ್ಟ್ರು.

“ಏನಂತ ಬರೀತೀರಾ ಮೇಷ್ಟ್ರೇ? ನಮ್ಮ ಕೈಲಾಗಲ್ಲ ಅಂತಾನಾ? ಆಗತ್ತಲ್ಲ!”

ಮೂವತ್ತೆಂಟು ಕೈ ಮೇಲೆದ್ದವು. ಟ್ರಸ್ಟಿಗೆ ಬರೆಯುವುದು ಬೇಡ ಎಂದು ತೀರ್ಮಾನವಾಯಿತು. “ನೀವೇನಂತೀರಿ, ಕಂಡಕ್ಟರಮ್ಮ?” ಎಂದು ಮೇಷ್ಟ್ರು ತಿರುಗಿದರೆ ಅವಳು ತಲೆ ತಗ್ಗಿಸಿ ಡಬ್ಬಿಯ ಮುಚ್ಚಳವನ್ನು ತಿರುಗಿಸುತ್ತಿದ್ದಳು. ಇಡೀ ಬಸ್ಸನ್ನು ಬಾಯಲ್ಲೇ ಹಿಂದಕ್ಕೂ ಮುಂದಕ್ಕೂ ಸರಿಸುತ್ತಿದ್ದ ಹೆಂಗಸಿನ ಬಾಯಿಗೆ ಅವತ್ತು ಬೀಗ ಬಿದ್ದಿತ್ತು.

ಮನೆಯಲ್ಲಿ ತಂಗಿ ಕಿಟಕಿಯ ಹತ್ತಿರ ಕೂತು ಬಟ್ಟೆಗೆ ಗುಂಡಿ ಹೊಲಿಯುತ್ತಿದ್ದಳು. ಅಕ್ಕ ತಂಗಿ ಇಬ್ಬರದೇ ಸಂಸಾರ. ಠೇವಣಿ ಮುರಿಸಿದ್ದು ತಂಗಿಗೆ ಗೊತ್ತಾಗಿ, ಆರು ತಿಂಗಳ ಹಿಂದೆ ಒಂದು ವಾರ ಮಾತು ಬಿಟ್ಟಿದ್ದಳು. ಈಗ ವಿಷಯ ಕೇಳಿ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು.

“ಪಾಸ್‌ಬುಕ್ಕಲ್ಲಿ ಎಷ್ಟಿದೆ ಅಕ್ಕ?”

“ಎರಡು ಸಾವಿರದ ಮುನ್ನೂರ ಹದಿನಾರು.”

“ಮತ್ತೆ ಭಾನುವಾರ ಬಾಟ್ಲಿಗೆ ಏನು ಸುರೀತೀಯಾ? ನನ್ನ ತಲೇನಾ?”

ಕಂಡಕ್ಟರಮ್ಮ ಪಾಸ್‌ಬುಕ್ಕನ್ನು ಕಪಾಟಿಗೆ ತುರುಕಿದಳು.

“ಕೂಟ ನಡೆಸ್ತಿದ್ದೆ ಅಂದ್ಕೊಂಡಿದ್ದೀಯ ನೀನು. ಆ ಮಕ್ಕಳಿಗೆ ಒಂದು ಸಲ, ಒಂದೇ ಒಂದು ಸಲ ಸೋಲೋಕೆ ಬಿಟ್ಟಿದ್ಯಾ?” ತಂಗಿ ಬಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. “ಹೋಗಿ ಹೇಳು. ಆ ಟ್ರಸ್ಟಿನವನ ಹತ್ರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳು. ಅವನಾದ್ರೂ ಕಣ್ಣು ಬಿಟ್ಟರೆ ಶೆಡ್ಡು ಉಳಿಯತ್ತೆ.”

ಸೋಮವಾರ ಬೆಳಿಗ್ಗೆ ಟ್ರಸ್ಟಿನ ಆಫೀಸು ತೆರೆಯುವ ಮುಂಚೆಯೇ ಕಂಡಕ್ಟರಮ್ಮ ಮೆಟ್ಟಿಲ ಮೇಲೆ ಕೂತಿದ್ದಳು. ಆಫೀಸರ್ ಗುರುತು ಹಿಡಿದು ಒಳಗೆ ಕರೆದ, ಕುರ್ಚಿ ಎಳೆದು ಕೊಟ್ಟ, ಟೀ ತರಿಸಿದ. ಅವಳು ಎಲ್ಲವನ್ನೂ ಹೇಳಿದಳು. ಕೆಂಪು ಡೈರಿಯನ್ನು ಮೇಜಿನ ಮೇಲಿಟ್ಟಳು. ಅವನು ಎರಡು ಪುಟ ತಿರುಗಿಸಿ ಕನ್ನಡಕ ತೆಗೆದು ಪಕ್ಕಕ್ಕಿಟ್ಟ.

“ಅಮ್ಮ, ಇದನ್ನ ನೀವು ನನಗೆ ಹೇಳಬಾರದಿತ್ತು.”

“ನಿಜ ಹೇಳಿದ್ರೆ ಕೊಡ್ತೀರಿ ಅಂತ ಬಂದೆ ಕಣಪ್ಪ. ನಮ್ಮ ಕಾಲ ಮೇಲೆ ನಾವು ನಿಂತಿಲ್ಲ. ಯಾವತ್ತೂ ನಿಂತಿರಲಿಲ್ಲ.”

“ಗೊತ್ತಾಯ್ತು. ಆದ್ರೆ ನೀವು ಕೊಟ್ಟ ಲೆಕ್ಕ ಸುಳ್ಳು ಅಂತ ನೀವೇ ಹೇಳ್ತಿದ್ದೀರಿ. ಸುಳ್ಳು ಲೆಕ್ಕ ಕೊಟ್ಟವರು ಐದು ವರ್ಷ ಅರ್ಜಿ ಹಾಕೋ ಹಾಗಿಲ್ಲ. ಕೇಳಿದ ಮೇಲೆ ನಾನು ಬರೀಲೇಬೇಕು.”

“ನಾನು ಒಂದು ಕಾಸು ತಿಂದಿಲ್ಲ! ಹಾಕಿದ್ದೀನಿ!”

“ತಿಂದಿದ್ರೂ ಇದೇ ರೂಲ್ಸು, ಹಾಕಿದ್ರೂ ಇದೇ ರೂಲ್ಸು ಅಮ್ಮ.” ಅವನು ತಲೆ ಎತ್ತಲಿಲ್ಲ. “ಬಸ್ಸಲ್ಲಿ ಹೇಗೆ? ಚೆಕಿಂಗ್‌ನವರು ಹತ್ತಿದಾಗ ಬ್ಯಾಗಲ್ಲಿ ದುಡ್ಡು ಹೆಚ್ಚಿದ್ರೆ ಸುಮ್ನೆ ಬಿಡ್ತಿದ್ರಾ?”

ಬಿಡುತ್ತಿರಲಿಲ್ಲ. ಕಡಿಮೆ ಸಿಕ್ಕರೂ ಕೇಸು, ಹೆಚ್ಚು ಸಿಕ್ಕರೂ ಕೇಸು. ಅದು ಅವಳಿಗೆ ಇಪ್ಪತ್ತೆಂಟು ವರ್ಷದಿಂದ ಬಾಯಿಪಾಠ. ಒಮ್ಮೆಯೂ ಸಿಕ್ಕಿಬೀಳದವಳು ಈಗ ತಾನಾಗಿ ನಡೆದು ಬಂದು ಕೈಗೆ ಸಿಕ್ಕಿದ್ದಳು. ಟೀ ಆರಿ ಕೆನೆ ಕಟ್ಟಿತ್ತು. ಡೈರಿಯನ್ನು ಬ್ಯಾಗಿಗೆ ಹಾಕಿಕೊಂಡು ಎದ್ದಳು. ಅವನು ಮೆಟ್ಟಿಲವರೆಗೆ ಬಂದು, “ಮಕ್ಕಳಿಗೆ ನೀವೇ ಮುಂಚೆ ಹೇಳಿಬಿಡಿ, ನಮ್ಮ ಪತ್ರ ಬರೋಕೆ ಹತ್ತು ದಿನ ಆಗತ್ತೆ” ಎಂದ.

ಶನಿವಾರ ಶೆಡ್ಡಿಗೆ ಹೋಗಲು ಧೈರ್ಯ ಸಾಲಲಿಲ್ಲ. ಹೇಳಲೆಂದೇ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಹೊರಟಳು. ಆದರೆ ಅಷ್ಟು ಹೊತ್ತಿಗಾಗಲೇ ಶೆಡ್ಡಿನ ಮುಂದೆ ಬಕೆಟ್ಟುಗಳು ಸಾಲುಗಟ್ಟಿದ್ದವು. ಐಸ್ ಫ್ಯಾಕ್ಟರಿಯ ನಲ್ಲಿಯಿಂದ ಪೈಪು ಎಳೆದಾಗಿತ್ತು. ಮೂವತ್ತೆಂಟಕ್ಕೆ ಮೂವತ್ತೆಂಟೂ ಬಂದಿದ್ದವು. ಕೆಮ್ಮುತ್ತಿದ್ದ ಒಬ್ಬನನ್ನೂ ಸೈರನ್ ಎಳೆತಂದು ಬೋರ್ಡು ಹಿಡಿಯಲು ನಿಲ್ಲಿಸಿದ್ದಳು. ಗೋಡೆಯ ಬಾಟಲಿಗೆ ಹೊಸ ಸುಣ್ಣ. ಕುತ್ತಿಗೆಯ ಗೆರೆ ಹದಿನೆಂಟು ಸಾವಿರ.

“ಕಂಡಕ್ಟರಮ್ಮ, ಸೀಟಿ ಊದಿ! ಶುರು ಮಾಡೋಣ!”

ಊದಿಬಿಟ್ಟಳು. ಇದನ್ನು ಹೇಡಿತನ ಅಂತೀರೋ, ಅನ್ನಿ. ಆದರೆ ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು: ಅವಳು ಆಸೆಪಟ್ಟಳು. ಒಂಬತ್ತು ವರ್ಷದಲ್ಲಿ ಮೊದಲ ಸಲ, ಇವತ್ತು ತಾನಾಗಿಯೇ ತುಂಬಿಬಿಟ್ಟರೆ ಎಂದು ಆಸೆಪಟ್ಟಳು. ಇಷ್ಟು ಮಕ್ಕಳು, ಇಷ್ಟು ಹುರುಪು, ಯಾಕೆ ಆಗಬಾರದು?

ಮಕ್ಕಳು ಬೆನ್ನು ಮುರಿಯುವಂತೆ ದುಡಿದರು. ಕಾರು, ಸ್ಕೂಟರು, ಒಂದು ಹಾಲಿನ ವ್ಯಾನು, ಯಾವುದನ್ನೂ ಬಿಡಲಿಲ್ಲ. ಚಕ್ರದ ಮಡ್ಡಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರು. ಮಧ್ಯಾಹ್ನ ಎರಡು ಗಂಟೆಯಾದರೂ ಯಾರೂ ಊಟಕ್ಕೆ ಏಳಲಿಲ್ಲ. ಆದರೆ ರಸ್ತೆಯಲ್ಲಿ ಬರುವ ಕಾರು ಬರುವಷ್ಟೇ ಬರುತ್ತದೆ. ಹೊಸದಾಗಿ ಆಚೆ ಬೀದಿಯಲ್ಲಿ ಮಿಷನ್ ಹಾಕಿ ತೊಳೆಯುವ ಜಾಗ ಬೇರೆ ಆಗಿತ್ತು. ಕಂಡಕ್ಟರಮ್ಮ ದೂರದಿಂದಲೇ ಎಣಿಸುತ್ತಿದ್ದಳು. ಜನ ತುಂಬಿದ ಬಸ್ಸಿನಲ್ಲಿ ತಲೆ ಎಣಿಸಿದ ಕಣ್ಣು ಅದು. ಮೂರು ಗಂಟೆಗೆ ಅವಳಿಗೆ ಗೊತ್ತಾಗಿಹೋಯಿತು.

ಸಂಜೆ ಐದಕ್ಕೆ ಮಕ್ಕಳು ಬಾಟಲಿಯ ಮುಂದೆ ಕೂತರು. ಮೇಷ್ಟ್ರು ನೀಲಿ ಬಣ್ಣದ ಡಬ್ಬಿ ತೆರೆದು ಕುಂಚ ನೆನೆಸಿದರು. ಕಂಡಕ್ಟರಮ್ಮ ಮೂಲೆಯ ಮೇಜಿನ ಮೇಲೆ ಹಣ ಬಗ್ಗಿಸಿದಳು. ನೋಟು ನೋಟಿಗೆ, ನಾಣ್ಯ ನಾಣ್ಯಕ್ಕೆ ಜೋಡಿಸಿದಳು. ಎಣಿಸಿದಳು. ಮತ್ತೆ ಎಣಿಸಿದಳು.

“ನಾಲ್ಕು ಸಾವಿರದ ಮುನ್ನೂರ ಐವತ್ತು.”

ಯಾರೋ ನಕ್ಕರು. ತಮಾಷೆ ಎಂದುಕೊಂಡಿರಬೇಕು.

ಸೈರನ್ ಎದ್ದು ಮೇಜಿನ ಹತ್ತಿರ ಬಂದಳು. “ಹೋದ್ಸಲ ಇಷ್ಟೇ ಕಾರು ತೊಳೆದಿದ್ದು. ಹದಿನೆಂಟು ಆಗಿತ್ತಲ್ಲ.”

“ಹೌದು.”

“ಹಾಗಾದ್ರೆ ಮಿಕ್ಕಿದ್ದು ಎಲ್ಲಿ?”

ಕಂಡಕ್ಟರಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಹುಡುಗಿಯ ಕಣ್ಣು ಮೇಜಿನ ಕಾಲಿನ ಹತ್ತಿರ ಇದ್ದ ತನ್ನ ಬ್ಯಾಗಿನ ಮೇಲಿದೆ ಎಂದು ಕಂಡಾಗ ತಿಳಿಯಿತು.

“ಏಯ್, ಏನೇ ಅದು ಮಾತು!” ಎಂದು ಮೇಷ್ಟ್ರು ಗದರಿದರು. ಅವರ ಕುಂಚದಿಂದ ಬಣ್ಣ ಚಪ್ಪಲಿಯ ಮೇಲೆ ಬೀಳುತ್ತಿತ್ತು.

“ನಾನೇನೂ ಅಂದಿಲ್ಲ ಮೇಷ್ಟ್ರೇ. ಎಲ್ಲಿ ಅಂತ ಕೇಳ್ದೆ, ಅಷ್ಟೇ.” ಬೆಳಗಿನಿಂದ ನೀರಿನಲ್ಲಿದ್ದ ಹುಡುಗಿಯ ಕೈಬೆರಳುಗಳು ಸುಕ್ಕಾಗಿದ್ದವು. “ಬ್ಯಾಗ್ ತೋರ್ಸಿ ಕಂಡಕ್ಟರಮ್ಮ.”

ಇಪ್ಪತ್ತೆಂಟು ವರ್ಷದಲ್ಲಿ ಎಷ್ಟು ಸಲ ಚೆಕಿಂಗ್‌ನವರು ಹತ್ತಿದ್ದರೋ! ಕೇಳುವ ಮುಂಚೆಯೇ ಬ್ಯಾಗು ಬಿಚ್ಚಿ ತೋರಿಸುತ್ತಿದ್ದಳು. ಈಗ ಬ್ಯಾಗಿನ ಜಿಪ್ಪು ಎಳೆಯಲಾಗದೆ ಎರಡು ಸಲ ತಡವರಿಸಿದಳು. ಮೇಜಿನ ಮೇಲೆ ಬಗ್ಗಿಸಿದಳು. ಬಸ್ ಪಾಸು, ಬಿಪಿ ಮಾತ್ರೆಯ ಪಟ್ಟಿ, ಕನ್ನಡಕದ ಡಬ್ಬಿ, ಪರ್ಸಿನಲ್ಲಿ ನೂರರ ಒಂದು ನೋಟು, ಕೆಂಪು ಡೈರಿ.

ಸೈರನ್ ಡೈರಿ ತೆರೆದಳು. ಕಂಡಕ್ಟರಮ್ಮ ತಡೆಯಲಿಲ್ಲ. ಮೊದಲ ಪುಟದಲ್ಲೇ ಇತ್ತು: ಕಾರು ತೊಳೆದದ್ದು, ಮಕ್ಕಳು ತಂದದ್ದು ಮೂರು ಸಾವಿರದ ಇನ್ನೂರು, ನಾನು ಹಾಕಿದ್ದು ಸಾವಿರದ ಎಂಟುನೂರು. ಹುಡುಗಿ ಪುಟ ತಿರುಗಿಸಿದಳು. ರದ್ದಿ ಪೇಪರ್. ನಾಟಕ. ಸಮುದ್ರ ನೋಡಲು ಹೋದ ಪ್ರವಾಸ. ಪ್ರತಿ ಸಾಲಿನಲ್ಲೂ ಎರಡು ಅಂಕಿ, ಎರಡನೆಯದು ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತ ಬಂದಿತ್ತು. ಅವಳ ತುಟಿಗಳು ಮಾತ್ರ ಆಡುತ್ತಿದ್ದವು, ಸದ್ದಿರಲಿಲ್ಲ.

“ನಿಮ್ಮ ಮುಖ ಸಪ್ಪಗಾಗೋದನ್ನ ನೋಡೋಕೆ ಆಗ್ಲಿಲ್ಲ ಕಣೇ” ಎಂದಳು ಕಂಡಕ್ಟರಮ್ಮ. “ಅಷ್ಟೇ. ಬೇರೇನೂ ಇಲ್ಲ.”

“ಡ್ರಮ್ಮು?”

“ಅರ್ಧಕ್ಕರ್ಧ ನಿಮ್ಮದೇ.”

“ಸಮುದ್ರ?”

ಕಂಡಕ್ಟರಮ್ಮ ಡೈರಿಯ ಎರಡನೆಯ ಅಂಕಿಯ ಮೇಲೆ ಬೆರಳಿಟ್ಟಳು. ಟ್ರಸ್ಟಿನ ಆಫೀಸಿಗೆ ಹೋಗಿದ್ದನ್ನು, ಐದು ವರ್ಷ ಅರ್ಜಿ ಹಾಕುವಂತಿಲ್ಲ ಎಂಬ ಮಾತನ್ನು ಅವಳು ಆ ಕ್ಷಣವೇ ಹೇಳಿ ಮುಗಿಸಿದಳು, ಒಂದೇ ಉಸಿರಿಗೆ, ಮೇಷ್ಟ್ರ ಕಡೆ ನೋಡದೆ. ಮೇಷ್ಟ್ರು ಬಣ್ಣದ ಡಬ್ಬಿಯನ್ನು ನೆಲಕ್ಕಿಟ್ಟು ಬೆಂಚಿನ ಮೇಲೆ ಕುಸಿದು ಕೂತರು. “ಒಂಬತ್ತು ವರ್ಷ ಬಣ್ಣ ಬಳಿದೆ. ಒಂದ್ಸಲಾನೂ ಕೇಳ್ಲಿಲ್ಲವಲ್ಲ ನಾನು” ಎಂದು ತಮಗೆ ತಾವೇ ಹೇಳಿಕೊಂಡರು.

ಸೈರನ್ ಡೈರಿಯನ್ನು ಮುಚ್ಚಿ, ಬಸ್ ಪಾಸಿನ ಪಕ್ಕದಲ್ಲಿ ಜೋಪಾನವಾಗಿ ಇಟ್ಟಳು. ಅಳುತ್ತಾಳೆ ಎಂದು ಕಂಡಕ್ಟರಮ್ಮ ಕಾದಳು. ಬೈಯುತ್ತಾಳೆ ಎಂದು ಕಾದಳು. ಸೈರನ್ ಎಂದು ಹೆಸರು ಪಡೆದ ಹುಡುಗಿ ಪಕ್ಕದವರಿಗೂ ಕೇಳಿಸದಷ್ಟು ಮೆಲ್ಲಗೆ ಮಾತಾಡಿದಳು.

“ನೀವು ಕದ್ದಿದ್ರೇ ಚೆನ್ನಾಗಿತ್ತು ಕಂಡಕ್ಟರಮ್ಮ. ನಾವು ದುಡಿದಿದ್ವಿ ಅಂತಾದ್ರೂ ಇರ್ತಿತ್ತು.”

ಅವಳು ಕುಂಚ ತೆಗೆದುಕೊಂಡು ಗೋಡೆಯ ಹತ್ತಿರ ಹೋದಳು. ನಾಲ್ಕು ಸಾವಿರದ ಮುನ್ನೂರ ಐವತ್ತಕ್ಕೆ ಎಷ್ಟೋ ಅಷ್ಟು ನೀಲಿಯನ್ನು ಬಾಟಲಿಯ ತಳಕ್ಕೆ ಬಳಿದಳು. ಅವಳ ಮೊಣಕಾಲಿನವರೆಗೂ ಬರಲಿಲ್ಲ ಅದು. ಕುಂಚ ತೊಳೆದಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಉಳಿದವರು ಒಬ್ಬೊಬ್ಬರಾಗಿ ಎದ್ದು ಹೋದರು.

ಮುಂದಿನ ಭಾನುವಾರ ಏಳು ಮಕ್ಕಳು ಬಂದರು. ಅದರ ಮುಂದಿನ ವಾರ ಇಬ್ಬರು, ಅವರೂ ಕೇರಂ ಆಡಲು. ತಿಂಗಳ ಕೊನೆಯ ದಿನ ಕೈಗಾಡಿಯವನು ಬಂದು ಪಿಂಗ್‌ಪಾಂಗ್ ಟೇಬಲ್ಲು, ಡ್ರಮ್ಮುಗಳನ್ನು ಹೇರಿಕೊಂಡು ಹೋದ. ಮೇಷ್ಟ್ರು ಕಾಯಿಲೆ ಎಂದು ಹೇಳಿಕಳಿಸಿದ್ದರು. ಕಂಡಕ್ಟರಮ್ಮ ಒಬ್ಬಳೇ ಶೆಡ್ಡು ಗುಡಿಸಿ, ಐಸ್ ಫ್ಯಾಕ್ಟರಿ ಯಜಮಾನನ ಮಗನಿಗೆ ಬೀಗದ ಕೈ ಕೊಟ್ಟಳು.

“ಗೋಡೆ ಮೇಲಿರೋದು ಏನಮ್ಮ ಅದು?” ಎಂದು ಅವನು ಕೇಳಿದ.

“ಬಾಟಲಿ” ಎಂದಳು. “ಮಕ್ಕಳು ತುಂಬಿಸಿದ್ದು.”

ಅವನು ತಲೆಯಾಡಿಸಿ, ನಾಳೆ ಸುಣ್ಣ ಹೊಡೆಸುತ್ತೇನೆ ಎಂದ. ಅವಳು ಕೊರಳಿನ ಸೀಟಿಯನ್ನು ತೆಗೆದು ಬ್ಯಾಗಿಗೆ ಹಾಕಿಕೊಂಡು, ಬಸ್ ಸ್ಟಾಪಿನ ಕಡೆ ನಡೆದಳು.